ರಸ್ತೆ ಮೇಲಿನ ಸರಕಿನಿಂದ ಗಾಡಿಗೆ ಹಾನಿಯೇ? ಪರಿಹಾರ ಗೆಲ್ಲಲು 14 ಸೂತ್ರಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಗಿಡ, ಮುಸುಕಿನ ಜೋಳ, ಭತ್ತ ಎಲ್ಲವೂ ರಸ್ತೆಗೆ ಬರುತ್ತವೆ. ಇದು ಸುಗ್ಗಿಯ ಕಾಲದ ಮಾತು. ವರ್ಷದ ಉಳಿದ ದಿನಗಳಲ್ಲೂ ರಸ್ತೆ ಖಾಲಿ ಇರುವುದಿಲ್ಲ. ಟಿಪ್ಪರ್‌ನಿಂದ ಉದುರಿದ ಜಲ್ಲಿ, ಹೊಗೆಸೊಪ್ಪಿನ ಬ್ಯಾರನ್‌ಗೆ ಹೋಗುವ ಟ್ರ್ಯಾಕ್ಟರ್‌ನಿಂದ ಜಾರಿದ ಸೌದೆ ದಿಮ್ಮಿ, ಲೋಡಿನಿಂದ ಕಳಚಿದ ಕಬ್ಬಿನ ಜಲ್ಲೆ, ಕಾಮಗಾರಿ ಮುಗಿದ ಮೇಲೂ ಬಿದ್ದಿರುವ ಮಣ್ಣಿನ ಗುಡ್ಡೆ ಎದುರಾಗುತ್ತಲೇ ಇರುತ್ತವೆ.

ಇವುಗಳಿಂದ ಕಾರಿನ ಆಯಿಲ್ ಚೇಂಬರ್ ಒಡೆದರೆ, ಬೈಕ್ ಜಾರಿದರೆ, ಗಾಜು ಬಿರುಕು ಬಿಟ್ಟರೆ ನಮ್ಮ ಜನ ‘ಗ್ರಹಚಾರ’ ಎಂದು ಕೈತೊಳೆದುಕೊಳ್ಳುತ್ತಾರೆ. ಅದು ಸರಿಯಲ್ಲ. ರಸ್ತೆ ಮೇಲೆ ಬಿದ್ದಿರುವ ಬಹುತೇಕ ಪ್ರತಿ ವಸ್ತುವಿಗೂ ಒಬ್ಬ ಹೊಣೆಗಾರ ಇರುತ್ತಾನೆ. ಅವನು ಯಾರೆಂದು ಮೊದಲ ಅರ್ಧ ಗಂಟೆಯಲ್ಲಿ ಗುರುತಿಸಿ, ಸಾಕ್ಷ್ಯ ಕೂಡಿಟ್ಟುಕೊಂಡವರಿಗೆ ಪರಿಹಾರದ ದಾರಿ ತೆರೆಯುತ್ತದೆ. ಆ ಅರ್ಧ ಗಂಟೆಯನ್ನು ಜಗಳದಲ್ಲಿ ಕಳೆದವರಿಗೆ ಗ್ಯಾರೇಜಿನ ಬಿಲ್ಲು ಮಾತ್ರ ಉಳಿಯುತ್ತದೆ.

1. ಮೊದಲು ಜೀವ, ಆಮೇಲೆ ಗಾಡಿ

ಗಾಡಿಯನ್ನು ಪಕ್ಕಕ್ಕೆ ಹಾಕಿ, ಹಜಾರ್ಡ್ ಲೈಟ್ ಉರಿಸಿ, ಎಲ್ಲರನ್ನೂ ಕೆಳಗಿಳಿಸಿ. ಪೆಟ್ಟಾಗಿದ್ದರೆ 112ಕ್ಕೆ ಕರೆ ಮಾಡಿ. ಹುಣಸೂರು, ಬೈಲಕುಪ್ಪೆ ಕಡೆ ಹೋಗುವ 275ನೇ ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೂ ಮಾಡಬಹುದು.

ಹುರುಳಿ ಗಿಡದ ಮೇಲೆ ಹಾದು ಬಂದ ಕಾರಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಒಣಗಿದ ಹುರುಳಿ ಬಳ್ಳಿ ಸಣ್ಣದು, ಗಟ್ಟಿ, ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಚಕ್ರ ತಿರುಗಿದಂತೆಲ್ಲ ಅದು ಆಕ್ಸಲ್‌ಗೆ ಸುತ್ತಿಕೊಂಡು ಬಿಗಿಯುತ್ತಾ ಹೋಗುತ್ತದೆ. ಪಕ್ಕದಲ್ಲೇ ಸೈಲೆನ್ಸರ್ ಕೊಳವೆ ನೂರಾರು ಡಿಗ್ರಿ ಕಾದಿರುತ್ತದೆ. ಮೊದಲು ಸುಟ್ಟ ಹುಲ್ಲಿನ ವಾಸನೆ, ಆಮೇಲೆ ಗೇರ್ ಲಿವರ್ ಬುಡದಲ್ಲಿ ತೆಳು ಹೊಗೆ, ಅಷ್ಟರೊಳಗೆ ಕೆಳಗೆ ಬೆಂಕಿ ಹತ್ತಿರುತ್ತದೆ. ವಾಸನೆ ಬಂದ ತಕ್ಷಣ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಇಳಿದು ದೂರ ಹೋಗಿ. ಗಾಡಿಯನ್ನು ಹುಲ್ಲಿನ ಮೇಲೇ ನಿಲ್ಲಿಸಬೇಡಿ. ಹೊಗೆ ಬರುತ್ತಿರುವಾಗ ಬಾನೆಟ್ ಎತ್ತಬೇಡಿ.

2. ಸರಕು ಸರಿಸುವ ಮುನ್ನ ಫೋಟೊ ತೆಗೆಯಿರಿ

ರಾಗಿ ರಾಶಿ ಹತ್ತು ನಿಮಿಷದಲ್ಲಿ ಚೀಲ ಸೇರುತ್ತದೆ. ಬಿದ್ದ ದಿಮ್ಮಿಯನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ. ಆದ್ದರಿಂದ ಎಲ್ಲರೂ ಸುರಕ್ಷಿತ ಎಂದು ಖಾತ್ರಿಯಾದ ಕೂಡಲೇ ಫೋನ್ ಕೈಗೆತ್ತಿಕೊಳ್ಳಿ. ದೂರದಿಂದ ಒಂದು ಚಿತ್ರ ಬೇಕು. ಅದರಲ್ಲಿ ಕಿಲೋಮೀಟರ್ ಕಲ್ಲು, ವಿದ್ಯುತ್ ಕಂಬದ ಸಂಖ್ಯೆ ಅಥವಾ ಅಂಗಡಿಯ ಬೋರ್ಡು ಕಾಣಬೇಕು. ಹತ್ತಿರದಿಂದ ಒಂದು ಚಿತ್ರ, ಸರಕು ರಸ್ತೆಯ ಎಷ್ಟು ಅಗಲ ಆಕ್ರಮಿಸಿದೆ ಎಂದು ತೋರಿಸುವಂತಿರಲಿ. ಗಾಡಿಯ ಹಾನಿ, ಚಕ್ರದ ಗುರುತು, ಸುತ್ತಿಕೊಂಡ ಬಳ್ಳಿ, ಒಡೆದ ಜಾಗದಿಂದ ಸೋರಿದ ಆಯಿಲ್ ಒಂದೊಂದನ್ನೂ ಬೇರೆ ಬೇರೆಯಾಗಿ ತೆಗೆಯಿರಿ. ಫೋನಿನ ಲೊಕೇಶನ್ ಆನ್ ಇರಲಿ. ತಾಗಿದ ಕಲ್ಲಿನ ಚೂರು ಅಥವಾ ಒಂದು ಹಿಡಿ ಬಳ್ಳಿಯನ್ನು ಕವರಿನಲ್ಲಿ ಹಾಕಿ ಎತ್ತಿಟ್ಟುಕೊಳ್ಳಿ.

ನೋಡಿದವರು ಇಬ್ಬರಿದ್ದರೆ ಅವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ಹತ್ತಿರದ ಪೆಟ್ರೋಲ್ ಬಂಕ್, ಡೈರಿ, ಅಂಗಡಿಯಲ್ಲಿ ಸಿಸಿಟಿವಿ ಇದ್ದರೆ ಅದೇ ದಿನ ಕೇಳಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ. ಡ್ಯಾಶ್‌ಕ್ಯಾಮ್ ಇದ್ದವರು ಮೆಮೊರಿ ಕಾರ್ಡನ್ನು ತೆಗೆದು ಜೋಪಾನ ಮಾಡಿ. ಇಂಥ ದೃಶ್ಯದ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಕಾರ್ಡು ಕೈಯಲ್ಲಿದ್ದರೆ ಆ ಕೆಲಸ ಹಗುರ.

3. ನಾಲ್ಕರಲ್ಲಿ ಯಾವುದು ಎಂದು ತೀರ್ಮಾನಿಸಿ

ಸರಕು ರಸ್ತೆಗೆ ಬರುವುದು ನಾಲ್ಕು ದಾರಿಯಲ್ಲಿ. ಯಾರೋ ಹರಡಿದ್ದು. ಯಾವುದೋ ವಾಹನದಿಂದ ಬಿದ್ದದ್ದು. ರಸ್ತೆ ಕಾಮಗಾರಿಯವರು ಬಿಟ್ಟದ್ದು. ಎಲ್ಲಿಂದ ಬಂತೆಂದೇ ಗೊತ್ತಾಗದ್ದು. ಒಂದೊಂದಕ್ಕೂ ಹೊಣೆಗಾರ ಬೇರೆ, ಬಾಗಿಲು ಬೇರೆ, ಗಡುವು ಬೇರೆ. ತಪ್ಪು ಬಾಗಿಲು ತಟ್ಟುತ್ತಾ ತಿಂಗಳು ಕಳೆಯುವುದಕ್ಕಿಂತ ಮೊದಲ ದಿನವೇ ಇದನ್ನು ತೀರ್ಮಾನಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

4. ಒಕ್ಕಣೆಯಾದರೆ ಹೊಣೆ ಬೆಳೆಯವರದು

ಸಾರ್ವಜನಿಕ ರಸ್ತೆಯಲ್ಲಿ ಅಡ್ಡಿ ಅಥವಾ ಅಪಾಯ ಉಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ ಪ್ರಕಾರ ಅಪರಾಧ. ದಂಡ 5,000 ರೂಪಾಯಿವರೆಗೆ. 2024ರ ಜುಲೈ 1ಕ್ಕೆ ಮುಂಚೆ ಜಾರಿಯಲ್ಲಿದ್ದ ಹಳೆಯ ದಂಡ ಸಂಹಿತೆಯಲ್ಲಿ ಇದೇ ತಪ್ಪಿಗೆ ಇದ್ದ ದಂಡ ಬರೀ 200 ರೂಪಾಯಿ.

ಆದರೆ ಒಂದು ಮಾತು ನೆನಪಿರಲಿ. ಈ ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ, ನಿಮ್ಮ ಕೈಗೆ ಬರುವುದಿಲ್ಲ. ನಿಮ್ಮ ಗಾಡಿಯ ಖರ್ಚು ಬೇಕಿದ್ದರೆ ಸಿವಿಲ್ ದಾವೆಯ ದಾರಿಯೇ ಆಗಬೇಕು. ಅಲ್ಲಿ ನೀವು ತೋರಿಸಬೇಕಾದದ್ದು ಮೂರು ಸಂಗತಿ: ಸರಕು ಇವರದೇ, ರಸ್ತೆಗೆ ಹಾಕುವಾಗ ಇವರು ತೆಗೆದುಕೊಳ್ಳಬೇಕಾದ ಎಚ್ಚರ ತೆಗೆದುಕೊಳ್ಳಲಿಲ್ಲ, ಹಾನಿ ಆದದ್ದು ಅದರಿಂದಲೇ. ಪಕ್ಕದ ಹೊಲ ಯಾರದು, ಒಕ್ಕಣೆಗೆ ಬಂದಿದ್ದ ಟ್ರ್ಯಾಕ್ಟರ್ ಯಾರದು ಎಂದು ಅಲ್ಲೇ ವಿಚಾರಿಸಿ ಬರೆದುಕೊಳ್ಳಿ.

ರಾಶಿಯ ಸುತ್ತ ಅಡ್ಡಗಲ್ಲು ಇಟ್ಟಿದ್ದರೆ ಅದರ ಚಿತ್ರವನ್ನು ಮರೆಯದೆ ತೆಗೆಯಿರಿ. ಬೆಳೆಗೆ ಗಾಡಿ ಹತ್ತದಿರಲೆಂದು ಇಟ್ಟ ಕಲ್ಲು, ರಾತ್ರಿ ಹೊತ್ತು ಬೈಕಿನವರ ಪ್ರಾಣಕ್ಕೆ ಎರವಾಗುತ್ತದೆ. ಅದನ್ನು ಅಲ್ಲಿ ತಂದು ಇಟ್ಟದ್ದು ಮನುಷ್ಯರೇ ಆದ್ದರಿಂದ ಹೊಣೆ ತೋರಿಸುವುದೂ ಸುಲಭ.

5. ಲೋಡಿನಿಂದ ಬಿದ್ದದ್ದಾದರೆ ಎರಡೂ ನಂಬರ್ ಬರೆದುಕೊಳ್ಳಿ

ವಾಹನದಿಂದ ಬಿದ್ದ ಸರಕಿನಿಂದ ಹಾನಿಯಾದರೆ ನಿಮ್ಮ ಪಾಲಿಗೆ ದಾರಿ ಅಗಲ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಆ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆ ವಿಮೆಯಲ್ಲಿ ಬೇರೆಯವರ ಆಸ್ತಿಗೆ ಆದ ಹಾನಿಯೂ ಸೇರುತ್ತದೆ, ನಿಮ್ಮ ಗಾಡಿಯೂ ಆಸ್ತಿಯೇ. ಕಾರು, ಲಾರಿ, ಟ್ರ್ಯಾಕ್ಟರ್‌ಗಳ ಪಾಲಿಸಿಯಲ್ಲಿ ಈ ಮಿತಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ, ದ್ವಿಚಕ್ರ ವಾಹನದ್ದು 1 ಲಕ್ಷ. ಪ್ರೀಮಿಯಂ ಉಳಿಸಲು ಅದನ್ನು 6,000 ರೂಪಾಯಿಗೆ ಇಳಿಸಿಕೊಂಡ ಮಾಲೀಕರೂ ಇದ್ದಾರೆ. ಹಾಗಿದ್ದಲ್ಲಿ ಉಳಿದ ಹಣಕ್ಕೆ ಮಾಲೀಕರೇ ಹೊಣೆ.

ಟ್ರ್ಯಾಕ್ಟರ್‌ಗೆ ಒಂದು ನಂಬರ್, ಟ್ರೇಲರ್‌ಗೆ ಇನ್ನೊಂದು ನಂಬರ್ ಇರುತ್ತದೆ. ಎರಡಕ್ಕೂ ನೋಂದಣಿ ಬೇರೆ, ವಿಮೆಯೂ ಬೇರೆ. ಸೌದೆ ಬಿದ್ದದ್ದು ಟ್ರೇಲರ್‌ನಿಂದ. ಆದ್ದರಿಂದ ಮುಂದಿನ ಕೆಎ 45 ನಂಬರ್ ನೋಡಿ ಸಮಾಧಾನಪಡದೆ ಹಿಂದಿನದನ್ನೂ ಬರೆದುಕೊಳ್ಳಿ. ಟ್ರೇಲರ್‌ಗೆ ನಂಬರೇ ಇಲ್ಲದಿದ್ದರೆ ಆ ಖಾಲಿ ಜಾಗದ ಚಿತ್ರ ತೆಗೆಯಿರಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ವಿಮೆ ಚಾಲ್ತಿಯಲ್ಲಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ.

ಅರ್ಜಿ ಹಾಕಬೇಕಾದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, 166ನೇ ಸೆಕ್ಷನ್ ಅಡಿ. ಘಟನೆ ನಡೆದ ಊರಿನ ವ್ಯಾಪ್ತಿಯಲ್ಲಿ ಹಾಕಬಹುದು, ನೀವು ವಾಸವಿರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ಮೈಸೂರಿನವರ ಕಾರಿಗೆ ಎಚ್.ಡಿ. ಕೋಟೆ ರಸ್ತೆಯಲ್ಲಿ ಹಾನಿಯಾದರೆ ಮೈಸೂರಿನಲ್ಲೇ ಅರ್ಜಿ ಹಾಕಲು ಅಡ್ಡಿಯಿಲ್ಲ.

‘ಡಿಕ್ಕಿಯೇ ಆಗಿಲ್ಲ, ನಮ್ಮ ಗಾಡಿ ಮುಂದೆ ಹೋಗಿತ್ತು’ ಎಂದು ಎದುರಿನವರು ವಾದಿಸಬಹುದು. ಹೆದರಬೇಡಿ. ಉರುಳಿಬಿದ್ದ ಪೆಟ್ರೋಲ್ ಟ್ಯಾಂಕರ್ ಕೆಲವು ಗಂಟೆಗಳ ನಂತರ ಸಿಡಿದು ಜನ ಸತ್ತ ಪ್ರಕರಣದಲ್ಲಿ, ಅದೂ ‘ವಾಹನದ ಬಳಕೆಯಿಂದ’ ಆದ ಅಪಘಾತವೇ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಶಿವಾಜಿ ದಯಾನು ಪಾಟೀಲ್ ಪ್ರಕರಣ ಎಂದರೆ ವಕೀಲರಿಗೆ ಗೊತ್ತಾಗುತ್ತದೆ. ಗಾಡಿಗೆ ಗಾಡಿ ತಾಗಲೇಬೇಕೆಂಬ ನಿಯಮವಿಲ್ಲ.

ಲೋಡು ಬಾಡಿಯ ಅಕ್ಕಪಕ್ಕಕ್ಕೆ ಚಾಚಿಕೊಂಡಿದ್ದರೆ ಅದಕ್ಕೇ ಪ್ರತ್ಯೇಕ ದಂಡ ಇದೆ. ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ. ಹೀಗೆ ಚಾಚಿದ ಲೋಡಿನ ಚಿತ್ರ ಸಿಕ್ಕರೆ ನಿರ್ಲಕ್ಷ್ಯ ಸಾಬೀತುಪಡಿಸಲು ದೊಡ್ಡ ಆಧಾರ.

6. ಉದುರಿದ ಕಲ್ಲು ಬೇರೆ, ಚಿಮ್ಮಿದ ಕಲ್ಲು ಬೇರೆ

ಮುಂದೆ ಹೋಗುತ್ತಿದ್ದ ಟಿಪ್ಪರ್‌ನ ಬಾಡಿಯಿಂದ ಜಲ್ಲಿ ಉದುರಿ ನಿಮ್ಮ ಗಾಜು ಒಡೆದರೆ ಅದು ಲೋಡು ಸರಿಯಾಗಿ ಮುಚ್ಚದವರ ತಪ್ಪು. ಮೊದಲೇ ರಸ್ತೆಯಲ್ಲಿ ಬಿದ್ದಿದ್ದ ಕಲ್ಲು ಮುಂದಿನ ಗಾಡಿಯ ಟೈರಿಗೆ ಸಿಕ್ಕಿ ಚಿಮ್ಮಿದರೆ ಆ ಚಾಲಕನ ತಪ್ಪೆಂದು ಸಾಧಿಸುವುದು ಬಹಳ ಕಷ್ಟ. ಮೊದಲನೆಯದಕ್ಕೆ ಹೋರಾಡಿ. ಎರಡನೆಯದಕ್ಕೆ ನಿಮ್ಮ ವಿಮೆಯನ್ನೇ ನೆಚ್ಚಿಕೊಳ್ಳಿ. ಓನ್ ಡ್ಯಾಮೇಜ್ ಪಾಲಿಸಿಯಲ್ಲಿ ಗಾಜಿಗೆ ಸವಕಳಿ ಕಡಿತ ಇರುವುದಿಲ್ಲ ಎಂಬುದು ಸಮಾಧಾನದ ಸಂಗತಿ.

7. ಕಾಮಗಾರಿಯ ರಾಶಿಯಾದರೆ ‘ಈ ರಸ್ತೆ ಯಾರದು?’ ಎಂದು ಕೇಳಿ

ಹಳ್ಳಿಯ ಸಂಪರ್ಕ ರಸ್ತೆ ಸಾಮಾನ್ಯವಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು. ಪಟ್ಟಣದೊಳಗಿನ ಬೀದಿ ಸ್ಥಳೀಯ ಸಂಸ್ಥೆಯದು, ಹುಣಸೂರಿನಲ್ಲಾದರೆ ನಗರಸಭೆಯದು, ಕೆ.ಆರ್. ನಗರದಲ್ಲಾದರೆ ಪುರಸಭೆಯದು. ಅನುಮಾನವಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಮೂರು ಪ್ರಶ್ನೆ ಕೇಳಿ: ಆ ದಿನ ಆ ಜಾಗದಲ್ಲಿ ಯಾವ ಕಾಮಗಾರಿ ಇತ್ತು, ಗುತ್ತಿಗೆದಾರರು ಯಾರು, ನಿರ್ವಹಣೆಯ ಹೊಣೆ ಯಾವ ದಿನಾಂಕದವರೆಗೆ ಅವರದು. 30 ದಿನದೊಳಗೆ ಉತ್ತರ ಬರಬೇಕು.

ರಸ್ತೆಯನ್ನು ನಿರ್ದಿಷ್ಟ ಗುಣಮಟ್ಟದಲ್ಲಿ ಇಡದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕುವ 198ಎ ಸೆಕ್ಷನ್ 2019ರ ತಿದ್ದುಪಡಿಯಲ್ಲಿ ಬಂತು. ಬರೀ ಗಾಡಿ ಹಾನಿಗೆ ಅದು ಅನ್ವಯಿಸುವುದಿಲ್ಲ. ಗಾಡಿ ಹಾನಿಗೆ ಮತ್ತೆ ಸಿವಿಲ್ ದಾವೆಯೇ ದಾರಿ.

ಸರ್ಕಾರಿ ಸಂಸ್ಥೆಯ ವಿರುದ್ಧ ಗೆಲ್ಲಬಹುದೇ? ಎರಡು ತೀರ್ಪು ನೋಡಿ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತಾಗ, ಗೋಪುರದ ಒಡೆತನ ಮತ್ತು ಉಸ್ತುವಾರಿ ನಗರಪಾಲಿಕೆಯದೇ ಆದ್ದರಿಂದ ಅದೇ ಹೊಣೆ ಎಂದು ಸುಪ್ರೀಂ ಕೋರ್ಟ್ 1966ರಲ್ಲಿ ಹೇಳಿತು. ರಾಜ್‌ಕೋಟ್‌ನಲ್ಲಿ ರಸ್ತೆಬದಿಯ ಮರ ಬಿದ್ದು ಒಬ್ಬರು ಸತ್ತಾಗ ಪಾಲಿಕೆ ಹೊಣೆಯಲ್ಲ ಎಂದು ಅದೇ ನ್ಯಾಯಾಲಯ 1997ರಲ್ಲಿ ತೀರ್ಪಿತ್ತಿತು. ನಮಗೆ ಇದರಿಂದ ಸಿಗುವ ಪಾಠ ಸ್ಪಷ್ಟ. ‘ರಸ್ತೆ ನಿಮ್ಮದು’ ಎಂದಷ್ಟೇ ಹೇಳಿದರೆ ಸಾಲದು. ‘ಈ ಜಲ್ಲಿ ರಾಶಿ ನೀವು ಹಾಕಿಸಿದ್ದು, ಇಷ್ಟು ದಿನದಿಂದ ಇಲ್ಲೇ ಇತ್ತು, ಇಂಥ ದಿನ ದೂರು ಕೊಟ್ಟರೂ ತೆಗೆಸಲಿಲ್ಲ, ಎಚ್ಚರಿಕೆ ಫಲಕ ಇರಲಿಲ್ಲ’ ಎಂದು ತೋರಿಸಬೇಕು. ಬೆಂಗಳೂರಿನ ರಸ್ತೆಗುಂಡಿ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2019ರಲ್ಲಿ, ಗುಂಡಿಯಿಂದ ಹಾನಿಗೊಳಗಾದ ನಾಗರಿಕರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂಬುದನ್ನು ಎತ್ತಿಹಿಡಿದಿದೆ. ದಾಖಲೆ ಗಟ್ಟಿಯಿದ್ದವರು ಅದೇ ವಾದವನ್ನು ಇಲ್ಲೂ ಮುಂದಿಡಬಹುದು.

ಸರ್ಕಾರದ ಇಲಾಖೆಯ ಮೇಲೆ ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಅಡಿ ಎರಡು ತಿಂಗಳ ನೋಟಿಸ್ ಕೊಡಬೇಕು. ಖಾಸಗಿ ಗುತ್ತಿಗೆದಾರರಿಗೆ ಈ ಕಾಯುವಿಕೆ ಬೇಕಿಲ್ಲ.

8. ಠಾಣೆಯಿಂದ ಬರಿಗೈಲಿ ಬರಬೇಡಿ

ಯಾರಿಗೂ ಪೆಟ್ಟಾಗಿಲ್ಲ ಎಂದರೆ ಠಾಣೆಯಲ್ಲಿ ‘ಇನ್ಶೂರೆನ್ಸ್‌ನಲ್ಲಿ ಮಾಡಿಸ್ಕೊಳ್ಳಿ’ ಎಂದು ಕಳಿಸಿಬಿಡುವುದುಂಟು. ದೂರನ್ನು ಬರೆದೇ ಕೊಡಿ. ಎಫ್‌ಐಆರ್ ಆಗದಿದ್ದರೂ ದೂರು ತಲುಪಿದ್ದಕ್ಕೆ ಸ್ವೀಕೃತಿ ಅಥವಾ ಹಿಂಬರಹ ಕೇಳಿ ಪಡೆಯಿರಿ. ವಿಮಾ ಕಂಪನಿಗೂ ನ್ಯಾಯಾಲಯಕ್ಕೂ ಅದೇ ಮೊದಲ ಕಾಗದ.

ದೂರು ಹೀಗಿದ್ದರೆ ಸಾಕು: ‘ಇಂಥ ದಿನಾಂಕ ಸಂಜೆ 6.40ರ ಹೊತ್ತಿಗೆ ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ನನ್ನ ಕಾರು, ನಂಬರ್ ಇಂಥದ್ದು, ಓಡಿಸಿಕೊಂಡು ಹೋಗುತ್ತಿದ್ದೆ. ಇಂಥ ಗ್ರಾಮದ ಗೇಟಿನ ಬಳಿ, ಇಂಥ ಸಂಖ್ಯೆಯ ವಿದ್ಯುತ್ ಕಂಬದ ಎದುರು, ರಸ್ತೆಯ ಎಡಭಾಗ ಪೂರ್ತಿ ಹುರುಳಿ ಗಿಡ ಹರಡಲಾಗಿತ್ತು. ದೀಪ, ಫಲಕ ಯಾವುದೂ ಇರಲಿಲ್ಲ. ಎದುರಿನಿಂದ ಬಸ್ ಬರುತ್ತಿದ್ದುದರಿಂದ ಬಳಸಿ ಹೋಗಲು ಜಾಗವಿರಲಿಲ್ಲ. ಗಿಡ ಆಕ್ಸಲ್‌ಗೆ ಸುತ್ತಿಕೊಂಡು ಇಂಥ ಭಾಗಗಳು ಸುಟ್ಟಿವೆ. ಫೋಟೊ ಲಗತ್ತಿಸಿದ್ದೇನೆ.’ ಊಹೆ ಬೇಡ, ಬೈಗುಳ ಬೇಡ. ಕಂಡದ್ದು, ಆದದ್ದು, ಹೊತ್ತು, ಜಾಗ ಇಷ್ಟೇ ಇರಲಿ.

9. ಚೇಂಬರ್ ಒಡೆದ ಗಾಡಿಯನ್ನು ಒಂದು ಕಿಲೋಮೀಟರೂ ಓಡಿಸಬೇಡಿ

ಕಲ್ಲು ತಾಗಿ ಆಯಿಲ್ ಚೇಂಬರ್ ಒಡೆದರೆ ಅದು ಅಪಘಾತದ ಹಾನಿ, ವಿಮೆ ಕೊಡುತ್ತದೆ. ಆಯಿಲ್ ಸೋರುತ್ತಿದ್ದರೂ ‘ಪಿರಿಯಾಪಟ್ಟಣದವರೆಗೆ ಹೋಗಿಬಿಡೋಣ’ ಎಂದು ಓಡಿಸಿ ಇಂಜಿನ್ ಸೀಜ್ ಆದರೆ ಅದು ಆನಂತರದ ಹಾನಿ, ಸಾಮಾನ್ಯ ಪಾಲಿಸಿಯಲ್ಲಿ ಸಿಗುವುದಿಲ್ಲ. ಸಣ್ಣ ಬಿಲ್ಲಿನಲ್ಲಿ ಮುಗಿಯುತ್ತಿದ್ದ ಕೆಲಸ ಇಂಜಿನ್ ಬಿಚ್ಚುವವರೆಗೆ ಬೆಳೆಯುತ್ತದೆ. ಕಲ್ಲಿಗೆ ಕಾರಣರಾದವರೂ ‘ಇಂಜಿನ್ ಹೋದದ್ದು ನಿಮ್ಮಿಂದ’ ಎನ್ನುತ್ತಾರೆ, ನ್ಯಾಯಾಲಯವೂ ಒಪ್ಪಬಹುದು. ಟೋ ಮಾಡಿಸಿ, ಅದರ ರಸೀದಿ ಇಟ್ಟುಕೊಳ್ಳಿ.

ವಿಮಾ ಕಂಪನಿಗೆ ಅದೇ ದಿನ ತಿಳಿಸಿ. ಸರ್ವೇಯರ್ ನೋಡುವವರೆಗೆ ಯಾವ ಭಾಗವನ್ನೂ ಬಿಚ್ಚಿಸಬೇಡಿ. ಬದಲಾಯಿಸಿದ ಹಳೆಯ ಭಾಗಗಳನ್ನು ಎಸೆಯಬೇಡಿ.

10. ನಿಮ್ಮ ಪಾಲಿಸಿಯನ್ನು ಇವತ್ತೇ ತೆಗೆದು ಓದಿ

ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ನಿಮ್ಮ ಗಾಡಿಗೆ ನಿಮ್ಮ ಕಂಪನಿಯಿಂದ ಒಂದು ರೂಪಾಯಿಯೂ ಬಾರದು. ಸರಕು ಯಾರದೆಂದು ಗೊತ್ತಾಗದ ನಾಲ್ಕನೇ ಬಗೆಯ ಪ್ರಕರಣಗಳಲ್ಲಿ ನೆರವಿಗೆ ಬರುವುದು ಓನ್ ಡ್ಯಾಮೇಜ್ ಭಾಗ ಮಾತ್ರ. ‘ಹಿಟ್ ಅಂಡ್ ರನ್’ ಪರಿಹಾರ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುತ್ತದೆಯೇ ಹೊರತು ಗಾಡಿ ಹಾನಿಗೆ ಕೊಡುವುದಿಲ್ಲ.

ಪಾಲಿಸಿಯಲ್ಲಿ ಇಷ್ಟನ್ನು ಗುರುತು ಹಾಕಿಕೊಳ್ಳಿ. ಬೆಂಕಿಯ ಹಾನಿ ಓನ್ ಡ್ಯಾಮೇಜ್‌ನಲ್ಲಿ ಸೇರಿದೆ. ಟೈರ್ ಮಾತ್ರ ಹಾಳಾದರೆ ಹಣವಿಲ್ಲ, ಗಾಡಿಯ ಬೇರೆ ಭಾಗಕ್ಕೂ ಜೊತೆಯಲ್ಲೇ ಪೆಟ್ಟಾಗಿದ್ದರೆ ಟೈರ್ ಬೆಲೆಯ ಅರ್ಧ ಸಿಗುತ್ತದೆ. ಕಾರಿನ ಪ್ರತಿ ಕ್ಲೇಮಿನಲ್ಲಿ ಕಡ್ಡಾಯ ಕಡಿತ ಉಂಟು, 1,500 ಸಿಸಿವರೆಗೆ 1,000 ರೂಪಾಯಿ, ಅದಕ್ಕೆ ಮೇಲ್ಪಟ್ಟು 2,000 ರೂಪಾಯಿ. ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು ಮೊದಲ ವರ್ಷಕ್ಕೆ ಶೇ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ 50ಕ್ಕೆ ಏರುವಂಥದ್ದು. ಬಿಲ್ಲು ಸಣ್ಣದಿದ್ದರೆ ಎರಡನ್ನೂ ಲೆಕ್ಕ ಹಾಕಿ ನಿರ್ಧರಿಸಿ.

ಕಂಪನಿ ಕ್ಲೇಮು ತಳ್ಳಿಹಾಕಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಶುಲ್ಕವಿಲ್ಲ. ಮೈಸೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ಇನ್ನೊಂದು ದಾರಿ. ನೀವು ಕೊಟ್ಟ ಪ್ರೀಮಿಯಂ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲೂ ಶುಲ್ಕವಿಲ್ಲ.

ನಿಮ್ಮ ಕಂಪನಿಯಿಂದ ಹಣ ಪಡೆದ ಮೇಲೆ ಅದೇ ಹಣವನ್ನು ತಪ್ಪಿತಸ್ಥರಿಂದ ಮತ್ತೆ ಕೇಳುವಂತಿಲ್ಲ. ಆ ಹಕ್ಕು ಕಂಪನಿಗೆ ಹೋಗುತ್ತದೆ. ವಿಮೆಯಲ್ಲಿ ಸಿಗದ ಕಡಿತ, ಸವಕಳಿ, ಹಳದಿ ಬೋರ್ಡಿನವರಾದರೆ ಗಾಡಿ ನಿಂತ ದಿನಗಳ ದುಡಿಮೆ, ಇವನ್ನು ನೀವು ಕೇಳಬಹುದು. ಬಾಡಿಗೆಯ ಲೆಕ್ಕ ಪುಸ್ತಕ ಇಟ್ಟವರಿಗೆ ಮಾತ್ರ ದುಡಿಮೆಯ ನಷ್ಟ ಸಾಬೀತಾಗುತ್ತದೆ.

11. ಗಡುವುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ

ನ್ಯಾಯಮಂಡಳಿಯ ಅರ್ಜಿಗೆ ಘಟನೆಯಾಗಿ 6 ತಿಂಗಳು. 2022ರ ಏಪ್ರಿಲ್ 1ರಿಂದ ಈ ಗಡುವು ಕಾಯ್ದೆಯಲ್ಲಿದೆ. ಗ್ರಾಹಕ ಆಯೋಗಕ್ಕೆ 2 ವರ್ಷ. ಓಂಬುಡ್ಸ್‌ಮನ್‌ಗೆ ಕಂಪನಿ ತಿರಸ್ಕರಿಸಿದ ಮೇಲೆ 1 ವರ್ಷ. ಖಾಸಗಿಯವರ ಮೇಲೆ ಹಾನಿಯ ಸಿವಿಲ್ ದಾವೆಗೆ 3 ವರ್ಷ. ಸರ್ಕಾರಿ ಸಂಸ್ಥೆ ಕಾಯ್ದೆಯಡಿ ಮಾಡಿದ ಕೆಲಸದ ವಿಷಯದಲ್ಲಿ 1 ವರ್ಷದ ಗಡುವು ಅಡ್ಡ ಬರಬಹುದಾದ್ದರಿಂದ ಅಷ್ಟರೊಳಗೇ ಹೆಜ್ಜೆಯಿಡಿ.

12. ರಾಜಿಗೆ ಸಿದ್ಧರಿರಿ, ಬರೆಯದೆ ರಾಜಿಯಾಗಬೇಡಿ

‘ಅಣ್ಣಾ, ವರ್ಷವೆಲ್ಲ ಇಲ್ಲೇ ಹಾಕ್ತೀವಿ, ನೀವು ನೋಡ್ಕಂಡು ಬರಬೇಕಿತ್ತು.’

‘ಯಜಮಾನ್ರೇ, ನೋಡ್ಕಂಡೇ ಬಂದೆ. ಪಕ್ಕಕ್ಕೆ ಸರಿಯೋಕೆ ಜಾಗ ಎಲ್ಲಿತ್ತು ಹೇಳಿ? ಗ್ಯಾರೇಜಲ್ಲಿ ಎಷ್ಟಾಗುತ್ತೆ ಅಂತ ಕೇಳಿ, ಇಬ್ಬರೂ ಕೂತು ಮಾತಾಡೋಣ.’

ಮಾತು ಹೀಗೆ ಶುರುವಾದರೆ ಅರ್ಧ ಜಗಳ ಅಲ್ಲೇ ಕರಗುತ್ತದೆ. ಐದಾರು ಸಾವಿರದ ಬಿಲ್ಲಿಗೆ ವರ್ಷಗಟ್ಟಲೆ ಅಲೆಯುವುದು ಇಬ್ಬರಿಗೂ ನಷ್ಟ. ಆದರೆ ಮೊತ್ತ, ದಿನಾಂಕ, ಘಟನೆ, ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು ಕಾಗದದಲ್ಲಿ ಇರಲೇಬೇಕು. ಹಾನಿ ಎಷ್ಟೆಂದು ಮೆಕ್ಯಾನಿಕ್ ಹೇಳುವ ಮುನ್ನ ‘ಪೂರ್ತಿ ತೀರಿತು’ ಎಂದು ಬರೆದುಕೊಡಬೇಡಿ. ವಿಮೆಯ ಕ್ಲೇಮು ಮಾಡುವ ಯೋಚನೆ ಇದ್ದರೆ ಕಂಪನಿಗೆ ಹೇಳದೆ ರಾಜಿಯಾಗಬೇಡಿ, ಕ್ಲೇಮಿಗೇ ತೊಡಕಾದೀತು.

ಎದುರಿನವರು ಊರವರ ಮಾತಿಗೆ ಬಗ್ಗದಿದ್ದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ಮುಗಿಸಿಕೊಳ್ಳಬಹುದು. ಅಲ್ಲಿಯ ಆದೇಶಕ್ಕೆ ಸಿವಿಲ್ ಡಿಕ್ರಿಯ ಬಲವಿದೆ, ಮೇಲ್ಮನವಿಯ ಎಳೆದಾಟವಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರ ನೆರವೂ ಇದೆ. ಸಹಾಯವಾಣಿ 15100.

13. ನಿಮ್ಮ ತಪ್ಪಿನ ಪಾಲನ್ನು ಕಡಿಮೆ ಮಾಡಿಕೊಳ್ಳಿ

ಹಗಲು ಹೊತ್ತಲ್ಲಿ, ನೇರ ರಸ್ತೆಯಲ್ಲಿ, ದೂರಕ್ಕೇ ಕಾಣುವ ರಾಶಿಗೆ ಗುದ್ದಿದರೆ ಪರಿಹಾರದಲ್ಲಿ ನಿಮ್ಮ ಪಾಲನ್ನು ಕಡಿತ ಮಾಡುತ್ತಾರೆ. ಕಾನೂನು ಇದನ್ನು ಸಹನಿರ್ಲಕ್ಷ್ಯ ಎನ್ನುತ್ತದೆ. ಸುಗ್ಗಿಯಲ್ಲಿ ನಿಧಾನವಾಗಿ ಹೋಗಿ. ಹುರುಳಿ ಗಿಡ ಕಂಡರೆ ನಿಲ್ಲಿಸಿ, ಸರಿಸಲು ಹೇಳಿ, ಇಲ್ಲವೇ ಬಳಸಿ ಹೋಗಿ. ಹಾಯಲೇಬೇಕಾಗಿ ಬಂದರೆ ದಾಟಿದ ಕೂಡಲೇ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಬೈಕಿನವರು ರಾಗಿ ಕಾಳಿನ ಮೇಲೆ ಬ್ರೇಕ್ ಹಿಡಿಯಬೇಡಿ, ಗಾಡಿಯನ್ನು ವಾಲಿಸಬೇಡಿ. ಡ್ರೈವಿಂಗ್ ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿರಲಿ. ನಿಮ್ಮ ಕಾಗದವೇ ಸರಿಯಿಲ್ಲದಿದ್ದರೆ ಎದುರಿನವರ ತಪ್ಪು ಹಿಂದೆ ಸರಿದು ನಿಮ್ಮದು ಮುಂದೆ ಬರುತ್ತದೆ.

14. ಹಾನಿಗೆ ಮುಂಚೆಯೇ ದೂರು ಕೊಡಿ, ಹೊಣೆಗೆ ಮುಂಚೆಯೇ ಕಣ ಮಾಡಿಕೊಳ್ಳಿ

ರೈತರು ಶೋಕಿಗಾಗಿ ರಸ್ತೆಗೆ ಬೆಳೆ ತರುವುದಿಲ್ಲ. ಹಿಡುವಳಿ ಸಣ್ಣದಾಯಿತು, ಊರ ಕಣ ಮಾಯವಾಯಿತು, ಸಗಣಿ ಸಾರಿಸಿ ಕಣ ಮಾಡಿ ಗುಂಡು ಕಟ್ಟಲು ಆಳಿಲ್ಲ, ಎತ್ತಿಲ್ಲ. ಈ ಕಷ್ಟ ನಿಜ. ಅಷ್ಟೇ ನಿಜವಾದ ಮಾತು, ರಾತ್ರಿ ಆ ರಾಶಿಗೆ ಬೈಕ್ ಗುದ್ದಿ ಸಾಯುವ ಹುಡುಗ ಪಕ್ಕದ ಊರಿನ ರೈತರ ಮಗನೇ ಆಗಿರುತ್ತಾನೆ.

ಒಕ್ಕಣೆ ಯಂತ್ರ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ಸಿಗುತ್ತದೆ. ರೈತ ಸಂಪರ್ಕ ಕೇಂದ್ರಗಳ ಮೂಲಕ ರಿಯಾಯಿತಿ ದರದಲ್ಲಿ ಟಾರ್ಪಾಲಿನ್ ಕೊಡುತ್ತಾರೆ. ಒಕ್ಕಣೆ ಕಣಕ್ಕೆ ಗ್ರಾಮಸಭೆಯಲ್ಲಿ ಲಿಖಿತ ಬೇಡಿಕೆ ಇಡಿ, ನಾಲ್ಕು ಮನೆ ಸೇರಿ ಕೇಳಿದರೆ ಬಲ ಹೆಚ್ಚು. ಟ್ರ್ಯಾಕ್ಟರ್, ಟಿಪ್ಪರ್ ಮಾಲೀಕರು ಲೋಡಿಗೆ ಹಗ್ಗ ಬಿಗಿಸಿ, ಟಾರ್ಪಾಲಿನ್ ಮುಚ್ಚಿಸಿ, ಹಿಂದೆ ರಿಫ್ಲೆಕ್ಟರ್ ಅಂಟಿಸಿ. ಟ್ರೇಲರ್‌ಗೂ ವಿಮೆ ಮಾಡಿಸಿ. ಲಕ್ಷದ ಹೊಣೆಯ ಎದುರು ಇವೆಲ್ಲ ಸಣ್ಣ ಖರ್ಚು.

ದಾರಿಹೋಕರು, ಊರವರು ಮಾಡಬೇಕಾದದ್ದೂ ಇದೆ. ಅಪಾಯಕಾರಿ ರಾಶಿ ಕಂಡರೆ ಫೋಟೊ ಸಹಿತ ಪಂಚಾಯಿತಿಗೆ, ಠಾಣೆಗೆ ಬರೆದು ಕೊಡಿ. ಸಾರ್ವಜನಿಕ ರಸ್ತೆಯ ಅಡ್ಡಿ ತೆಗೆಯಿರಿ ಎಂದು ಆದೇಶಿಸುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿ ಉಪವಿಭಾಗಾಧಿಕಾರಿಗೆ ಇದೆ. ಈ ನಾಲ್ಕೂ ತಾಲ್ಲೂಕು ಹುಣಸೂರು ಉಪವಿಭಾಗಕ್ಕೇ ಸೇರಿದವು, ಆದ್ದರಿಂದ ಅರ್ಜಿ ಹಿಡಿದು ಹೋಗಬೇಕಾದ ಕಚೇರಿ ಒಂದೇ. ನೀವು ಇಂದು ಕೊಟ್ಟ ಅರ್ಜಿಯ ಸ್ವೀಕೃತಿ ನಾಳೆ ಇನ್ನೊಬ್ಬರ ಪ್ರಕರಣದಲ್ಲಿ ‘ಇಲಾಖೆಗೆ ಗೊತ್ತಿತ್ತು’ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಈ ಸುಗ್ಗಿಯಲ್ಲೇ ಒಂದು ಅರ್ಜಿ ಕೊಡಿ, ಸ್ವೀಕೃತಿಯ ನಕಲನ್ನು ಊರಿನವರ ಕೈಗೂ ಕೊಟ್ಟಿಡಿ.